ಬೌಲಿಂಗ್ ಬಾಲ್ ಹುಕ್ ಆಗಬೇಕೆಂದರೆ ಕೈ ಹೇಗೆ ಬಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇವೆಲ್ಲ ಮೈಸೂರಿನ ಮಾಲ್‌ಗಳಲ್ಲಿ, ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ಲೇನ್‌ಗಳ ಪಕ್ಕದಲ್ಲಿ, ಬಾಡಿಗೆ ಶೂ ಲೇಸ್ ಕಟ್ಟುತ್ತಾ ಜನ ಕೇಳುವ ಪ್ರಶ್ನೆಗಳು. ಕೆಲವು ಮಂಡ್ಯದಿಂದ ರಜೆಗೆ ಬರುವ ಕಾಲೇಜು ಹುಡುಗರದ್ದು. ಉತ್ತರಗಳನ್ನು ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಎಡಗೈಯವರು ಎಡ-ಬಲ ಅದಲು ಬದಲು ಮಾಡಿಕೊಂಡು ಓದಿ.

ಹುಕ್ ಅಂದರೆ ಬಾಲ್ ವಾಲಿಕೊಂಡು ಹೋಗುವುದು ತಾನೇ?

ಪೂರ್ತಿ ಹಾಗಲ್ಲ. ಕೈಬಿಟ್ಟ ಕ್ಷಣದಿಂದಲೇ ಬಿಲ್ಲಿನಂತೆ ಬಾಗುತ್ತಾ ಹೋದರೆ ಅದನ್ನು ಕರ್ವ್ ಅನ್ನುತ್ತಾರೆ. ಹುಕ್ ಬಾಲ್ ಮೊದಲು ಹೆಚ್ಚುಕಡಿಮೆ ನೇರವಾಗಿ ಜಾರುತ್ತದೆ. ಲೇನ್‌ನ ಕೊನೆಯ ಭಾಗದಲ್ಲಿ ಹಿಡಿತ ಸಿಕ್ಕಿ ಎಡಕ್ಕೆ ತಿರುಗುತ್ತದೆ. ಜಾರುವುದು, ತಿರುಗುವುದು, ಉರುಳುವುದು, ಈ ಮೂರೂ ಆ ಕ್ರಮದಲ್ಲೇ ನಡೆಯಬೇಕು.

ಕ್ರಿಕೆಟ್ ಭಾಷೆಯಲ್ಲಿ ಕೇಳುವವರಿಗೆ: ಬಲಗೈ ಹುಕ್ ಹೋಗುವುದು ಲೆಗ್ ಬ್ರೇಕ್ ತಿರುಗುವ ದಿಕ್ಕಿಗೆ, ಅಂದರೆ ಹಾಕುವವನ ಬಲದಿಂದ ಎಡಕ್ಕೆ. ಬಿ.ಎಸ್. ಚಂದ್ರಶೇಖರ್ ಹುಟ್ಟಿದ ಊರಿನವರಿಗೆ ಇಷ್ಟು ಹೇಳಿದರೆ ಸಾಕು, ಅಲ್ವಾ?

ನಾನು ನೇರವಾಗಿ ಜೋರಾಗಿ ಹಾಕಿದರೂ ಸ್ಟ್ರೈಕ್ ಬೀಳುತ್ತೆ. ಹುಕ್ ಯಾಕೆ ಕಲಿಯಬೇಕು?

ಬೀಳುತ್ತದೆ. ಆದರೆ ಒಂದೇ ಎಸೆತಕ್ಕೆ ಹತ್ತೂ ಪಿನ್ ಉರುಳುವ ಸ್ಟ್ರೈಕ್ ಪ್ರತಿ ಸಲ ಬೀಳುವುದಿಲ್ಲ. ಕಾರಣ ಲೇನ್‌ನ ಅಳತೆಯಲ್ಲೇ ಇದೆ.

ಫೌಲ್ ಲೈನ್‌ನಿಂದ, ಅಂದರೆ ಹಾಕುವವರು ದಾಟಬಾರದ ಗೆರೆಯಿಂದ, ಎಲ್ಲಕ್ಕಿಂತ ಮುಂದಿರುವ 1ನೇ ಪಿನ್‌ಗೆ 60 ಅಡಿ. ಲೇನ್‌ನ ಅಗಲ ಸುಮಾರು 41.5 ಇಂಚು, ಅದರಲ್ಲಿ 39 ಪಟ್ಟಿಗಳು. ಬಲಗೈಯವರು ಗುರಿ ಇಡಬೇಕಾದದ್ದು 1ನೇ ಪಿನ್ ಮತ್ತು ಅದರ ಬಲ ಹಿಂದಿರುವ 3ನೇ ಪಿನ್ ನಡುವಿನ ಜಾಗ. ಅದನ್ನೇ ಪಾಕೆಟ್ ಅನ್ನುವುದು. ಬಲಗಡೆಯಿಂದ ಎಣಿಸಿದರೆ ಅದು 17ನೇ ಪಟ್ಟಿಯ ಆಸುಪಾಸಿನಲ್ಲಿದೆ.

ಬಾಲ್ ಪಾಕೆಟ್‌ಗೆ ಸ್ವಲ್ಪ ಓರೆಯಾಗಿ ನುಗ್ಗಬೇಕು. 4ರಿಂದ 6 ಡಿಗ್ರಿ ಓರೆ ಇದ್ದರೆ ಸ್ಟ್ರೈಕ್ ಬೀಳುವ ಸಾಧ್ಯತೆ ಚೆನ್ನಾಗಿರುತ್ತದೆ. ಈಗ ಲೆಕ್ಕ ಹಾಕಿ. ಬಲಗಡೆ ಗಟರ್ (ಲೇನ್ ಪಕ್ಕದ ಕಾಲುವೆ) ಅಂಚಿನಿಂದ ಪಾಕೆಟ್‌ಗೆ ನೇರ ಗೆರೆ ಎಳೆದರೂ ಎರಡು ಡಿಗ್ರಿ ಕೂಡ ಸಿಗುವುದಿಲ್ಲ. ನೇರ ಬಾಲ್‌ನಲ್ಲಿ 6 ಡಿಗ್ರಿ ಬೇಕೆಂದರೆ ಪಕ್ಕದವರ ಲೇನ್‌ನಲ್ಲಿ ನಿಂತು ಹಾಕಬೇಕು! ಆ ಓರೆಯನ್ನು ನಿಮ್ಮದೇ ಲೇನ್‌ನಲ್ಲಿ ಕೊಡುವುದೇ ಹುಕ್.

ಇನ್ನೊಂದು ವಿಷಯ. ಅಚ್ಚುಕಟ್ಟಾದ ಸ್ಟ್ರೈಕ್‌ನಲ್ಲಿ ಬಾಲ್ ಮುಟ್ಟುವುದು ಬರೀ ನಾಲ್ಕು ಪಿನ್‌ಗಳನ್ನು: 1, 3, 5, 9. ಉಳಿದ ಆರನ್ನು ಪಿನ್‌ಗಳೇ ಒಂದಕ್ಕೊಂದು ಬಡಿದು ಬೀಳಿಸುತ್ತವೆ. 1 ಹೋಗಿ 2ಕ್ಕೆ, 2 ಹೋಗಿ 4ಕ್ಕೆ, 4 ಹೋಗಿ 7ಕ್ಕೆ. ಆ ಕಡೆ 3 ಹೋಗಿ 6ಕ್ಕೆ, 6 ಹೋಗಿ 10ಕ್ಕೆ. 8ನ್ನು 5 ಬೀಳಿಸುತ್ತದೆ. ನೇರ ಬಾಲ್ 1ನೇ ಪಿನ್‌ಗೆ ತಾಗಿದ ಕೂಡಲೇ ಬಲಕ್ಕೆ ಸರಿದುಹೋಗುತ್ತದೆ, 5ನೇದಕ್ಕೆ ಸರಿಯಾದ ಏಟು ಸಿಗುವುದಿಲ್ಲ. ಎಡಕ್ಕೆ ತಿರುಗುತ್ತಾ ಬಂದ ಬಾಲ್ ಅಷ್ಟು ಸುಲಭವಾಗಿ ಸರಿಯುವುದಿಲ್ಲ.

ಕೈ ಬಿಡುವಾಗ ಮಣಿಕಟ್ಟನ್ನು ಜೋರಾಗಿ ತಿರುಚಿದರೆ ಆಯ್ತಲ್ಲಾ?

ಎಲ್ಲರೂ ಮಾಡುವುದು ಇದನ್ನೇ. ಮಾಲ್‌ನಲ್ಲಿ ಭಾನುವಾರ ಸಂಜೆ ನೋಡಿ, ಬಾಲ್ ಬಿಟ್ಟ ಮೇಲೆ ಕೈ ಬೀಗದ ಕೈ ತಿರುಗಿಸಿದ ಹಾಗೆ ಎದೆಗೆ ಬಂದು ನಿಂತಿರುತ್ತದೆ. ಬಾಲ್ ಮಾತ್ರ ನೇರವಾಗಿಯೇ ಹೋಗಿರುತ್ತದೆ.

ಯಾಕೆ ಅಂದರೆ, ತಿರುಚುವ ಹೊತ್ತಿಗೆ ಹೆಬ್ಬೆರಳು ಇನ್ನೂ ತೂತಿನಲ್ಲೇ ಇರುತ್ತದೆ. ಹೆಬ್ಬೆರಳು ಒಳಗಿರುವ ತನಕ ಬಾಲ್ ಕೈಯ ಜೊತೆ ಸುಮ್ನೆ ಹೊರಳುತ್ತದೆ, ಸುತ್ತು ಹುಟ್ಟುವುದಿಲ್ಲ. ಹೆಬ್ಬೆರಳು ಹೊರಬಂದ ಮೇಲೆ, ನಡುಬೆರಳು ಮತ್ತು ಉಂಗುರ ಬೆರಳು ಇನ್ನೂ ಒಳಗಿರುವ ಆ ಚಿಟಿಕೆ ಹೊಡೆಯುವಷ್ಟು ಹೊತ್ತಿನಲ್ಲಿ ಸುತ್ತು ಹುಟ್ಟುತ್ತದೆ. ತೀರ ಬೇಗ ತಿರುಚಿದರೆ ಕೈ ಬಾಲ್‌ನ ಮೇಲಕ್ಕೆ ಬಂದುಬಿಡುತ್ತದೆ. ಆಗ ಬೆರಳುಗಳಿಗೆ ಎತ್ತಲು ಏನೂ ಉಳಿದಿರುವುದಿಲ್ಲ. ಬಾಲ್ ಬುಗುರಿಯಂತೆ ನಿಂತಲ್ಲೇ ಗಿರಗಿರ ತಿರುಗುತ್ತಾ ಜಾರಿಹೋಗುತ್ತದೆ.

ಅದಕ್ಕೇ ಹೊಸಬರಿಗೆ ನಾನು ಹೇಳುವುದು: ಹುಕ್ ಬರಲಿ ಅಂತ ಒದ್ದಾಡಬೇಡಿ. ಹೆಬ್ಬೆರಳು ಮೊದಲು ಬರಲಿ ಅಂತ ನೋಡಿಕೊಳ್ಳಿ.

ಹಾಗಾದರೆ ಕೈ ಬಿಡುವ ಕ್ರಮವನ್ನು ಬಿಡಿಸಿ ಹೇಳಿ.

ತೋಳು ಲೋಲಕದ ಹಾಗೆ ಸಡಿಲವಾಗಿ ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕು. ತೂಗುವ ಕೆಲಸ ಬಾಲ್‌ನ ತೂಕಕ್ಕೆ ಬಿಡಿ, ನೀವು ಎಳೆಯಬೇಡಿ. ಕೈ ಕೆಳಗೆ ಬರುವಾಗ ಅಂಗೈ ಬಾಲ್‌ನ ಹಿಂದೆ, ಸ್ವಲ್ಪ ಕೆಳಗೆ ಇರಬೇಕು. ಮೊಣಕೈ ಪಕ್ಕೆಗೆ ಹತ್ತಿರ ಇರಲಿ. ಅದು ಕೋಳಿ ರೆಕ್ಕೆಯ ಹಾಗೆ ಹೊರಗೆ ಬಂದರೆ ಕೈ ತಾನಾಗಿಯೇ ಬಾಲ್‌ನ ಮೇಲೆ ಹೋಗುತ್ತದೆ.

ಎಡಗಾಲು ಜಾರಿ ನಿಲ್ಲುವ ಹೊತ್ತಿಗೆ ಬಾಲ್ ಆ ಕಾಲಿನ ಗಂಟಿನ ಪಕ್ಕಕ್ಕೆ ಬಂದಿರಬೇಕು. ಬಿಡುವ ಜಾಗ ಅದೇ. ಅಲ್ಲಿ ಹೆಬ್ಬೆರಳು ತಾನಾಗಿ ಜಾರಿ ಹೊರಗೆ ಬರಬೇಕು. ಅದನ್ನು ನೀವು ಎಳೆದು ತೆಗೆಯಬಾರದು. ಅದು ಬಂದ ಕೂಡಲೇ ಬಾಲ್‌ನ ಪೂರ್ತಿ ಭಾರ ಎರಡು ಬೆರಳುಗಳ ಮೇಲೆ ಬೀಳುತ್ತದೆ. ಆ ಭಾರ ಬೆರಳಿಗೆ ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಮೂರೂ ಬೆರಳು ಒಟ್ಟಿಗೆ ಬಂದಿವೆ ಎಂದರ್ಥ.

ಆಗ ಬೆರಳುಗಳು ಬಾಲ್‌ನ ಹಿಂಭಾಗದಿಂದ ಬಲಭಾಗಕ್ಕೆ ಸರಿಯುತ್ತಾ ಮೇಲಕ್ಕೆ ಬರುತ್ತವೆ. ಸರಿಯುವುದು ತೀರ ಕಡಿಮೆ. ಮುಂಗೈ ಸ್ವಲ್ಪ ಎಡಕ್ಕೆ ಹೊರಳುತ್ತದೆ, ಅಷ್ಟೇ. ಕೊನೆಗೆ ಕೈ ಎದುರಿನವರ ಕೈ ಕುಲುಕಲು ಹೋದಂತೆ ನಿಂತಿದ್ದರೆ ಸರಿ. ಅಂಗೈ ನೆಲ ನೋಡುತ್ತಿದ್ದರೆ ಜಾಸ್ತಿ ತಿರುಚಿದ್ದೀರಿ. ಬಿಟ್ಟ ಮೇಲೂ ತೋಳನ್ನು ನಿಲ್ಲಿಸಬೇಡಿ, ಗುರಿಯ ಕಡೆಗೆ ಭುಜದ ಎತ್ತರದವರೆಗೆ ಹೋಗಲಿ.

ಬಾಲ್ ಫೌಲ್ ಲೈನ್‌ನಿಂದ ಸ್ವಲ್ಪ ಮುಂದೆ ಮೆಲ್ಲಗೆ ನೆಲ ಮುಟ್ಟಬೇಕು. ಧಡ್ ಅಂತ ಸದ್ದಾದರೆ ಹೆಬ್ಬೆರಳು ತಡವಾಗಿ ಬಂತು ಅಂತ ತಿಳಿದುಕೊಳ್ಳಿ. ಹಿಂದೆಯೇ ಬಿದ್ದರೆ ಬೇಗ ಬಿಟ್ಟಿದ್ದೀರಿ.

ಗಡಿಯಾರದ ಲೆಕ್ಕ ಅಂತ ವಿಡಿಯೊಗಳಲ್ಲಿ ಹೇಳುತ್ತಾರಲ್ಲ, ಅದೇನು?

ಬಾಲ್‌ ಅನ್ನು ಮೇಲಿಂದ ನೋಡುತ್ತಿದ್ದೀರಿ ಅಂದುಕೊಳ್ಳಿ. ಪಿನ್‌ಗಳ ಕಡೆ 12, ನಿಮ್ಮ ಕಡೆ 6. ಕೈ ಕೆಳಗೆ ಬರುವಾಗ ಹೆಬ್ಬೆರಳು 12ರ ಹತ್ತಿರ, ಬೆರಳುಗಳು 6ರ ಹತ್ತಿರ. ಬಿಟ್ಟು ಮುಗಿಯುವ ಹೊತ್ತಿಗೆ ಹೆಬ್ಬೆರಳು 10-11ರ ಕಡೆ, ಬೆರಳುಗಳು 4-5ರ ಕಡೆ ಬಂದಿರಬೇಕು. ಬೆರಳುಗಳು 3ನ್ನು ದಾಟಿದರೆ ಬಾಲ್ ಬುಗುರಿಯಾಗುತ್ತದೆ. 6ರಲ್ಲೇ ಉಳಿದರೆ ನೇರವಾಗಿ ಉರುಳುತ್ತದೆ. ಸ್ಪೇರ್ ಹೊಡೆಯುವಾಗ, ಅಂದರೆ ಮೊದಲ ಎಸೆತದಲ್ಲಿ ಉಳಿದ ಪಿನ್‌ಗಳನ್ನು ಎರಡನೆಯದರಲ್ಲಿ ಬೀಳಿಸುವಾಗ, ಅದೂ ಬೇಕಾಗುತ್ತದೆ.

ಎಡಗೈಯವರಿಗೆ ಕೊನೆಯಲ್ಲಿ ಹೆಬ್ಬೆರಳು 1-2ರ ಕಡೆ, ಬೆರಳುಗಳು 7-8ರ ಕಡೆ.

ಹೆಬ್ಬೆರಳು ತೂತಿನಲ್ಲೇ ಸಿಕ್ಕಿಕೊಳ್ಳುತ್ತದೆ. ಏನು ಮಾಡಲಿ?

ಮೊದಲು ಬಾಲ್ ಬದಲಿಸಿ. ಜನ ಬಣ್ಣ ನೋಡಿ ಬಾಲ್ ಆರಿಸುತ್ತಾರೆ, ತೂತು ನೋಡುವುದೇ ಇಲ್ಲ. ಹೆಬ್ಬೆರಳನ್ನು ಪೂರ್ತಿ ಇಳಿಸಿ ಒಂದು ಸುತ್ತು ತಿರುಗಿಸಿ. ಸುತ್ತಲೂ ಚರ್ಮ ಲಘುವಾಗಿ ತಾಗಬೇಕು, ಒತ್ತಬಾರದು. ಆಮೇಲೆ ಹೆಬ್ಬೆರಳು ಒಳಗಿಟ್ಟುಕೊಂಡೇ ಉಳಿದ ಎರಡು ಬೆರಳುಗಳನ್ನು ತೂತಿನ ಮೇಲೆ ಚಾಚಿ. ಮಾಲ್‌ನವರೇ ಕೊಡುವ ಹೌಸ್ ಬಾಲ್‌ನಲ್ಲಿ ಎರಡನೇ ಗೆಣ್ಣಿನ ಗೆರೆ ತೂತಿನ ಈಚೆ ಅಂಚನ್ನು ಸ್ವಲ್ಪವೇ ದಾಟಿರಬೇಕು. ತುಂಬಾ ದಾಟಿದರೆ ಅಂತರ ಕಡಿಮೆ, ಮುಟ್ಟದಿದ್ದರೆ ಅಂತರ ಜಾಸ್ತಿ. ಎರಡರಲ್ಲೂ ನೀವು ಗೊತ್ತಿಲ್ಲದೆ ಬಾಲ್ ಹಿಸುಕುತ್ತೀರಿ.

ತೂತು ದೊಡ್ಡದಾದರೂ ಇದೇ ಕಥೆ. ಬಾಲ್ ಬಿದ್ದುಹೋಗುತ್ತೆ ಅನ್ನುವ ಭಯಕ್ಕೆ ಹೆಬ್ಬೆರಳನ್ನು ಒಳಗೆ ಮಡಚುತ್ತೀರಿ. ಮಡಚಿದ ಹೆಬ್ಬೆರಳು ಯಾವತ್ತೂ ಸರಾಗವಾಗಿ ಬರುವುದಿಲ್ಲ. ಅದು ನೆಟ್ಟಗೆ ಇರಲಿ.

ಆಡುತ್ತಾ ಆಡುತ್ತಾ ಹೆಬ್ಬೆರಳು ಊದಿಕೊಳ್ಳುವುದೂ ಉಂಟು. ಮೊದಲ ಗೇಮ್‌ನಲ್ಲಿ ಸಡಿಲ ಇದ್ದದ್ದು ಮೂರನೆಯದರಲ್ಲಿ ಬಿಗಿಯಾಗಬಹುದು. ಮಳೆಗಾಲದಲ್ಲಿ, ಜನ ತುಂಬಿದ ದಸರಾ ರಜೆಯಲ್ಲಿ ಅಂಗೈ ಬೇರೆ ಬೆವರುತ್ತದೆ. ಬಾಲ್ ವಾಪಸ್ ಬರುವ ಕಡೆ ಗಾಳಿ ಬರುವ ಕಿಂಡಿ ಇದ್ದರೆ ಕೈ ಅಲ್ಲಿ ಹಿಡಿಯಿರಿ. ಒಂದು ಹತ್ತಿಯ ಟವಲ್ ಇಟ್ಟುಕೊಳ್ಳಿ. ಬಾಲ್ ಮೇಲಿನ ಎಣ್ಣೆ ಒರೆಸಲೂ ಅದು ಬೇಕು.

ಮಾಲ್‌ನ ಬಾಲ್ ಹುಕ್ ಆಗುತ್ತದೆಯೇ, ಇಲ್ಲವೇ?

ಆಗುತ್ತದೆ, ಆದರೆ ಟಿವಿಯಲ್ಲಿ ನೋಡುವಷ್ಟು ಆಗುವುದಿಲ್ಲ. ಇದು ಅರ್ಥವಾಗದೆ ಎಷ್ಟೋ ಜನ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ.

ಬಾಲ್ ತಿರುಗುವುದು ಹಿಡಿತದಿಂದ. ಸುಮಾರು 29 ಕಿ.ಮೀ. ವೇಗದಲ್ಲಿ ಹೋಗುವ ಬಾಲ್ ಜಾರದೆ ಉರುಳಬೇಕಾದರೆ ನಿಮಿಷಕ್ಕೆ 700 ಸುತ್ತಿನಷ್ಟು ತಿರುಗಬೇಕು. ಬಾಲ್‌ನ ಸುತ್ತಳತೆ ಸುಮಾರು 27 ಇಂಚು, ಲೆಕ್ಕ ಮಾಡಿದರೆ ಸಿಗುತ್ತದೆ. ಚೆನ್ನಾಗಿ ಪಳಗಿದ ಕೈ ಕೊಡುವುದೇ 300-400 ಸುತ್ತು. ಅಂದರೆ ಎಲ್ಲರ ಬಾಲ್ ಕೂಡ ಮೊದಲು ಜಾರಲೇಬೇಕು. ಜಾರುವಾಗ ನೆಲ ಅದನ್ನು ಹಿಡಿದು, ಸುತ್ತು ಯಾವ ಕಡೆಗಿದೆಯೋ ಆ ಕಡೆಗೆ ಎಳೆಯುತ್ತದೆ. ಪೂರ್ತಿ ಉರುಳಲು ಶುರುವಾದ ಮೇಲೆ ಹುಕ್ ಮುಗಿಯಿತು.

ಈಗ ಬಾಲ್‌ನ ಹೊರಮೈಗೆ ಬನ್ನಿ. ಮಾಲ್‌ನಲ್ಲಿ ಇಟ್ಟಿರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್, ಎಲ್ಲರೂ ಪ್ಲಾಸ್ಟಿಕ್ ಬಾಲ್ ಅನ್ನುತ್ತಾರೆ. ನುಣುಪು, ಎಣ್ಣೆ ಮೇಲೆ ಹಿಡಿತವೇ ಇಲ್ಲ. 1980ರ ದಶಕದ ಮೊದಲಲ್ಲಿ ಯುರೆಥೇನ್ ಬಾಲ್ ಬಂತು, 1990ರ ದಶಕದ ಮೊದಲಲ್ಲಿ ರಿಯಾಕ್ಟಿವ್ ರೆಸಿನ್ ಬಂತು. ಟಿವಿಯಲ್ಲಿ ಗಟರ್ ಅಂಚಿಗೆ ಹೋಗಿ ವಾಪಸ್ ಬರುವ ಬಾಲ್‌ಗಳು ರಿಯಾಕ್ಟಿವ್. ಅವುಗಳ ಒಳಗಿನ ಗಟ್ಟಿ ತಿರುಳಿನ ಆಕಾರವೂ ಬೇರೆ.

ಪ್ಲಾಸ್ಟಿಕ್ ಬಾಲ್‌ನಲ್ಲಿ ಕೈ ಸರಿಯಾಗಿದ್ದರೆ ಕೊನೆಯಲ್ಲಿ ಕೆಲವು ಪಟ್ಟಿಗಳಷ್ಟು ಎಡಕ್ಕೆ ಬರುತ್ತದೆ. ಅದು ಸಾಕು, ಪಾಕೆಟ್‌ಗೆ ಉಪಯೋಗಕ್ಕೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಕಲಿಯಲು ಇದೇ ಒಳ್ಳೆಯದು. ದುಬಾರಿ ಬಾಲ್ ಕೈಯ ತಪ್ಪನ್ನು ಮುಚ್ಚಿಹಾಕುತ್ತದೆ, ಪ್ಲಾಸ್ಟಿಕ್ ಮುಚ್ಚುವುದಿಲ್ಲ.

ಮಣಿಕಟ್ಟು ಒಳಕ್ಕೆ ಮಡಚಿ ಹಿಡಿಯಬೇಕಾ?

ಮೂರು ರೀತಿ ಇದೆ. ನೆಟ್ಟಗಿನ ಮಣಿಕಟ್ಟು, ಒಳಕ್ಕೆ ಮಡಚಿದ್ದು, ಹಿಂದಕ್ಕೆ ಬಾಗಿದ್ದು. ಒಳಕ್ಕೆ ಮಡಚಿದರೆ ಬೆರಳುಗಳು ಬಾಲ್‌ನ ಅಡಿಗೆ ಹೋಗುತ್ತವೆ, ಹೆಬ್ಬೆರಳು ಬೇಗ ಬರುತ್ತದೆ, ಸುತ್ತು ಜಾಸ್ತಿ ಸಿಗುತ್ತದೆ. ಆದರೆ ಬಿಡುವ ಕ್ಷಣದಲ್ಲಿ ಮಣಿಕಟ್ಟು ಬಿಚ್ಚಿಕೊಳ್ಳಬೇಕು. ಆ ಬಿಚ್ಚುವಿಕೆಯಲ್ಲೇ ಬಲ ಇರುವುದು. 12 ಪೌಂಡ್, ಅಂದರೆ ಸುಮಾರು 5.4 ಕೆ.ಜಿ. ತೂಗುವ ಬಾಲ್ ಹಿಡಿದು ಇದನ್ನು ಮಾಡಲು ಕೈಗೆ ಶಕ್ತಿ ಬೇಕು. ಹಿಂದಕ್ಕೆ ಬಾಗಿದರೆ ಸುತ್ತು ಹೆಚ್ಚುಕಡಿಮೆ ಸತ್ತೇಹೋಗುತ್ತದೆ.

ಹೊಸಬರಿಗೆ ನೆಟ್ಟಗಿನ ಮಣಿಕಟ್ಟೇ ಸರಿ.

ನನ್ನ ಬಾಲ್ ಉಲ್ಟಾ, ಬಲಕ್ಕೆ ತಿರುಗುತ್ತದೆ.

ಅದಕ್ಕೆ ಬ್ಯಾಕಪ್ ಬಾಲ್ ಅನ್ನುತ್ತಾರೆ. ಬಿಡುವಾಗ ನಿಮ್ಮ ಮುಂಗೈ ಬಲಕ್ಕೆ, ಅಂದರೆ ಹೆಬ್ಬೆರಳು ಹೊರಗಡೆಗೆ ಹೊರಳುತ್ತಿದೆ. ಬಹಳ ಜನರಿಗೆ ಇದು ಸಹಜವಾಗಿಯೇ ಬರುತ್ತದೆ. ಗಾಬರಿ ಬೇಡ. ಬಿಡುವ ಮುಂಚೆಯೇ ಹೆಬ್ಬೆರಳನ್ನು 11ರ ಕಡೆ ಇಟ್ಟು, ಆಮೇಲೆ ಕೈ ತಿರುಗಿಸದೆ ಹಾಗೇ ಬಿಟ್ಟು ನೋಡಿ. ಮೊದಲು ಬಲಕ್ಕೆ ಹೋಗುವುದು ನಿಲ್ಲಲಿ, ಎಡಕ್ಕೆ ಬರುವುದು ಆಮೇಲೆ.

ಎಷ್ಟು ಜೋರಾಗಿ ಹಾಕಬೇಕು?

ನೀವು ಈಗ ಹಾಕುವುದಕ್ಕಿಂತ ನಿಧಾನ! ಜೋರಾಗಿ ಹಾಕಿದರೆ ಬಾಲ್‌ಗೆ ತಿರುಗಲು ಹೊತ್ತು ಸಿಗುವುದಿಲ್ಲ. 29 ಕಿ.ಮೀ. ವೇಗದಲ್ಲೇ 60 ಅಡಿ ದಾಟಲು ಎರಡೂ ಕಾಲು ಸೆಕೆಂಡ್ ಸಾಕು. ಪರದೆ ಮೇಲೆ ವೇಗ ತೋರಿಸುವ ಲೇನ್ ಆದರೆ 22-26ರ ಆಸುಪಾಸಿನಲ್ಲಿ ಆಡಿ ನೋಡಿ. ವೇಗ ಕಡಿಮೆ ಮಾಡಬೇಕೆಂದರೆ ಬಾಲನ್ನು ಮೊದಲು ಹಿಡಿಯುವ ಎತ್ತರ ತಗ್ಗಿಸಿ. ತೋಳನ್ನು ಮಧ್ಯದಲ್ಲಿ ತಡೆಯಬೇಡಿ.

ಎಲ್ಲಿ ನಿಲ್ಲಬೇಕು, ಎಲ್ಲಿ ನೋಡಬೇಕು?

ಪಿನ್ ನೋಡಬೇಡಿ. ಲೇನ್ ಮೇಲೆ ಏಳು ಬಾಣಗಳಿವೆ, ಐದೈದು ಪಟ್ಟಿಗೆ ಒಂದು. ಬಲದಿಂದ ಎರಡನೆಯದರ ಮೇಲೆ, ಅಂದರೆ 10ನೇ ಪಟ್ಟಿಯ ಮೇಲೆ ಬಾಲ್ ಹೋಗಲಿ. ಬಾಲ್ ಪಾಕೆಟ್‌ ಬಿಟ್ಟು ಎಡಕ್ಕೆ ಹೋದರೆ ನೀವೂ ಎಡಕ್ಕೆ ಸರಿಯಿರಿ. ಬಲಕ್ಕೆ ಹೋದರೆ ಬಲಕ್ಕೆ. ತಪ್ಪಿದ ಕಡೆಗೇ ಕಾಲು ಸರಿಸುವುದು, ಬಾಣ ಅದೇ ಇರಲಿ.

ಎರಡು ಕೈಯಲ್ಲಿ ಹಾಕುವುದು ನಿಯಮಕ್ಕೆ ವಿರುದ್ಧವಲ್ಲವೇ?

ಅಲ್ಲ. ಆಸ್ಟ್ರೇಲಿಯಾದ ಜೇಸನ್ ಬೆಲ್ಮೊಂಟೆ ಹಾಗೇ ಹಾಕಿ ಅಮೆರಿಕದ ವೃತ್ತಿಪರ ಪಿಬಿಎ ಟೂರ್‌ನಲ್ಲಿ 15 ಮೇಜರ್ ಪ್ರಶಸ್ತಿ ಗೆದ್ದಿದ್ದಾರೆ. ಫಿನ್ಲೆಂಡ್‌ನ ಒಸ್ಕು ಪಲೇರ್ಮಾ ಕೂಡ ಈ ಶೈಲಿಯನ್ನು ಹೆಸರಿಗೆ ತಂದವರು. ಎರಡು ಕೈ ಅಂದರೂ ಕೊನೆಗೆ ಬಿಡುವುದು ಒಂದೇ ಕೈ. ಹೆಬ್ಬೆರಳು ತೂತಿಗೆ ಹೋಗುವುದೇ ಇಲ್ಲ. ಎಡಗೈ ಬಾಲ್‌ಗೆ ಆಸರೆ ಕೊಡುವುದರಿಂದ ಮಣಿಕಟ್ಟನ್ನು ಕೊನೆಯವರೆಗೂ ಮಡಚಿ ಇಡಬಹುದು. ಸುತ್ತು ಧಾರಾಳವಾಗಿ ಸಿಗುತ್ತದೆ, ಗುರಿ ತಪ್ಪುವುದೂ ಧಾರಾಳ. ಬೆನ್ನು ಬಾಗಿ ಆಡಬೇಕು, ಸೊಂಟ ನೋವಿರುವವರಿಗೆ ಬೇಡ.

ಇನ್ನೊಂದು ಕಡೆ ಅಮೆರಿಕದ ವಾಲ್ಟರ್ ರೇ ವಿಲಿಯಮ್ಸ್ ಜೂನಿಯರ್ ಇದ್ದಾರೆ. ಅವರ ಹುಕ್ ಚಿಕ್ಕದು. ಪಿಬಿಎ ಟೂರ್‌ನಲ್ಲಿ ಅತಿ ಹೆಚ್ಚು, 47 ಪ್ರಶಸ್ತಿ ಗೆದ್ದವರು ಅವರೇ. ದೊಡ್ಡ ಹುಕ್ ಬೇಕೇಬೇಕು ಅಂತ ಹಟ ಹಿಡಿಯುವ ಹುಡುಗರಿಗೆ ನಾನು ಈ ಹೆಸರು ಹೇಳುತ್ತೇನೆ.

ಒಂದೇ ಕೈಯಲ್ಲಿ, ಹೆಬ್ಬೆರಳು ಹಾಕದೆ ಹಾಕಬಹುದಾ?

ಮಜಾಕ್ಕೆ ಆಡುವಾಗ ಧಾರಾಳವಾಗಿ. ಹಗುರ ಬಾಲ್ ತೆಗೆದುಕೊಂಡು, ಎರಡು ಬೆರಳು ಮಾತ್ರ ಹಾಕಿ, ಬಾಲನ್ನು ಅಂಗೈ ಮತ್ತು ಮುಂಗೈಗೆ ಆನಿಸಿ. ಬೆರಳುಗಳ ಕೆಲಸ ಏನು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆಯಾದ ಯುಎಸ್‌ಬಿಸಿಯ ನಿಯಮದಂತೆ ನಡೆಯುವ ಸ್ಪರ್ಧೆಗಳಲ್ಲಿ ಮಾತ್ರ 2020ರ ಆಗಸ್ಟ್‌ನಿಂದ ಹಿಡಿತಕ್ಕೆ ಬಳಸದ ತೂತು ಬಾಲ್‌ನಲ್ಲಿ ಇರುವಂತಿಲ್ಲ.

ಮೊದಲ ಗೇಮ್‌ನಲ್ಲಿ ಹುಕ್ ಆಗುತ್ತಿತ್ತು, ಈಗ ಆಗುತ್ತಿಲ್ಲ. ಕೈ ಕೆಟ್ಟಿತೇ?

ಲೇನ್ ಬದಲಾಗಿರಬಹುದು. ಲೇನ್ ಮೇಲೆ ಎಣ್ಣೆ ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಮೊದಲ 40 ಅಡಿಯಷ್ಟು ಇರುತ್ತದೆ, ಮಧ್ಯದಲ್ಲಿ ದಪ್ಪ, ಅಂಚಿನಲ್ಲಿ ತೆಳು. ಆಮೇಲಿನದು ಒಣ ನೆಲ. ಪ್ಲಾಸ್ಟಿಕ್ ಬಾಲ್‌ಗಳು ಎಣ್ಣೆಯನ್ನು ಹೀರುವುದಿಲ್ಲ, ಮುಂದಕ್ಕೆ ತಳ್ಳಿಕೊಂಡು ಹೋಗುತ್ತವೆ. ಒಣಗಿರಬೇಕಾದ ಕೊನೆಯ ಭಾಗ ಜಾರಲು ಶುರುವಾಗುತ್ತದೆ. ರಿಯಾಕ್ಟಿವ್ ಬಾಲ್‌ಗಳು ಎಣ್ಣೆ ಹೀರುತ್ತವೆ, ಆಗ ಹುಕ್ ಬೇಗ ಶುರುವಾಗುತ್ತದೆ. ಬಾಲ್ ಒರೆಸಿ, ಕಾಲು ಎರಡು ಪಟ್ಟಿ ಸರಿಸಿ ನೋಡಿ. ಅದಾದ ಮೇಲೆ ಕೈಯನ್ನು ಅನುಮಾನಿಸಿ.

ಸ್ಪೇರ್‌ಗೂ ಹುಕ್ ಹಾಕಲೇ?

ಬೇಡ. ಒಂಟಿ ಪಿನ್‌ಗೆ ನೇರ ಬಾಲ್. ಬಲ ಮೂಲೆಯ 10ನೇ ಪಿನ್‌ಗೆ ಅಂತೂ ಖಂಡಿತ ಬೇಡ, ಎಡಕ್ಕೆ ನಿಂತು ಓರೆಯಾಗಿ ನೇರ ಹಾಕಿ. ಅಂಗೈ ಬಾಲ್‌ನ ಹಿಂದೆಯೇ ಇರಲಿ, ಬೆರಳುಗಳು 6ರಲ್ಲೇ ಉಳಿಯಲಿ.

ಮನೆಯಲ್ಲಿ ಅಭ್ಯಾಸ ಮಾಡಬಹುದಾ?

ಟೆನಿಸ್ ಬಾಲ್ ಸಾಕು. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ಇದ್ದರೆ ಇನ್ನೂ ಚೆನ್ನ. ಮಂಡಿ ಊರಿ ಕುಳಿತು, ಎರಡು ಬೆರಳಿನಿಂದ ಕೆಳಗಿನಿಂದ ಎತ್ತಿ ಉರುಳಿಸಿ. ಮೊದಲು ನೇರ ಹೋಗಿ ಆಮೇಲೆ ಎಡಕ್ಕೆ ಬಂದರೆ ಕೈ ಸರಿಯಾಗಿದೆ. ಲೇನ್‌ನಲ್ಲಿ ಆದರೆ ಓಡಿ ಬರದೆ ಫೌಲ್ ಲೈನ್ ಹತ್ತಿರ ನಿಂತು, ಒಂದೇ ಹೆಜ್ಜೆ ಇಟ್ಟು ಹಾಕಿ. ಜನ ಕಡಿಮೆ ಇರುವ ವಾರದ ದಿನ ಬೆಳಿಗ್ಗೆ ಹೋಗಿ, ಹಿಂದೆ ಕಾಯುವವರ ಕಾಟ ಇರುವುದಿಲ್ಲ. ಅವತ್ತು ಸ್ಕೋರ್ ನೋಡಬೇಡಿ.

ಮಣಿಕಟ್ಟು ನೋಯುತ್ತಿದೆ, ಹೆಬ್ಬೆರಳು ಜೋಮು ಹಿಡಿಯುತ್ತಿದೆ.

ಆಟ ನಿಲ್ಲಿಸಿ. ತೂತಿನ ಅಂಚು ಹೆಬ್ಬೆರಳಿನ ನರವನ್ನು ಪದೇ ಪದೇ ಒತ್ತಿದರೆ ಜೋಮು ಬರುತ್ತದೆ. ಇದಕ್ಕೆ ಬೌಲರ್ಸ್ ಥಂಬ್ ಅಂತ ಹೆಸರೇ ಇದೆ. ಕೆಲವು ದಿನ ಬಿಟ್ಟರೂ ಹೋಗದಿದ್ದರೆ ಮೂಳೆ ಡಾಕ್ಟರ್ ಹತ್ತಿರ ತೋರಿಸಿ. ಮಣಿಕಟ್ಟಿನ ನೋವಿಗೆ ಹೆಚ್ಚಿನ ಸಲ ಕಾರಣ ತಿರುಚುವುದು ಮತ್ತು ಮೀರಿದ ತೂಕ. ಗೆಳೆಯರ ಎದುರು ಮಾನ ಉಳಿಸಿಕೊಳ್ಳಲು 15 ಪೌಂಡ್ ಬಾಲ್ ಎತ್ತುವುದು ಬೇಕಾಗಿಲ್ಲ.

ಸ್ವಂತ ಬಾಲ್ ಯಾವಾಗ ತೆಗೆದುಕೊಳ್ಳಲಿ?

ಹೆಬ್ಬೆರಳು ಸಿಕ್ಕಿಕೊಳ್ಳುವುದು ನಿಂತ ಮೇಲೆ. ಸ್ವಂತ ಬಾಲ್‌ನಲ್ಲಿ ತೂತುಗಳನ್ನು ನಿಮ್ಮ ಕೈ ಅಳತೆಗೆ ಕೊರೆಯುತ್ತಾರೆ. ಬೆರಳುಗಳು ಮೊದಲ ಗೆಣ್ಣಿನವರೆಗೆ ಮಾತ್ರ ಹೋಗುವ ಫಿಂಗರ್‌ಟಿಪ್ ಹಿಡಿತ ಮಾಡಿಸಿಕೊಳ್ಳಬಹುದು. ಹೆಬ್ಬೆರಳು ಬಂದ ಮೇಲೂ ಬೆರಳುಗಳು ಇನ್ನಷ್ಟು ಹೊತ್ತು ಒಳಗಿರುವುದರಿಂದ ಸುತ್ತು ಜಾಸ್ತಿಯಾಗುತ್ತದೆ. ಆನ್‌ಲೈನ್‌ನಲ್ಲಿ ತೂತು ಕೊರೆದ ಬಾಲ್ ತರಿಸಬೇಡಿ, ಅದು ಬೇರೆಯವರ ಕೈ ಅಳತೆ. ಬೆಂಗಳೂರಿಗೆ ಹೋದಾಗ ಅಲ್ಲಿ ನಿಯಮಿತವಾಗಿ ಆಡುವವರನ್ನು ವಿಚಾರಿಸಿ, ಎದುರಿಗೆ ಕುಳಿತು ಅಳತೆ ಕೊಟ್ಟು ಮಾಡಿಸಿ.

ಎಂಟು ವರ್ಷದ ಮಗಳು ಹುಕ್ ಕಲಿಯಬೇಕು ಅಂತಾಳೆ.

6 ಪೌಂಡ್ ಬಾಲ್ ಕೊಡಿ, ಗಟರ್ ಪಕ್ಕದ ತಡೆ ಎತ್ತಿಸಿ, ಎರಡು ಕೈಯಲ್ಲಿ ಹಾಕಲು ಬಿಡಿ. ಮಣಿಕಟ್ಟಿನ ಪಾಠ ಈಗ ಬೇಡ. ಬಾಲ್ ವಾಪಸ್ ಬರುವ ಕಡೆ ಬೆರಳು ಸಿಕ್ಕಿಸಿಕೊಳ್ಳದಂತೆ, ಬಾಲ್ ಪೂರ್ತಿ ನಿಂತ ಮೇಲೆ ಎರಡು ಪಕ್ಕದಿಂದ ಹಿಡಿದು ಎತ್ತುವುದನ್ನು ಮೊದಲು ಹೇಳಿಕೊಡಿ.